ಹೊಲಿಗೆ ಮಷೀನಿಗೆ ಬಂದ ಅಪವಾದ

ಶನಿವಾರ ಬೆಳಗ್ಗೆ ಹೊಲಿಗೆಯಕ್ಕ ಕೂದಲು ಗಂಟು ಹಾಕಿಕೊಳ್ಳುತ್ತ ಕಿಟಕಿಯ ಹತ್ತಿರ ಬಂದು ನೋಡಿದರೆ, ಅವಳ ಹೊಲಿಗೆ ಮಷೀನಿನ ಸ್ವಿಚ್ಚಿನ ಮೇಲೆ ಅಗಲವಾದ ಕಂದು ಟೇಪು. ಒಂದಲ್ಲ, ಮೂರು ಪದರ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದದ ಕಟ್ಟುಗಳಿಗೆ ಹಾಕುವ ಟೇಪು ಅದು. ಈ ಮನೆಗೆ ಅದನ್ನು ತರುವವನು ಒಬ್ಬನೇ, ಅವಳ ಒಡಹುಟ್ಟಿದ ಅಣ್ಣ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಂಗಳವಾರದೊಳಗೆ ಶಾಲೆಯ ಮಕ್ಕಳಿಗೆ ನಲವತ್ತು ಅಂಗಿ ಹೊಲಿದು ಕೊಡಬೇಕು. ಕತ್ತರಿಸಿಟ್ಟ ನೀಲಿ ಬಟ್ಟೆ ಮಂಚದ ಮೇಲೆ ರಾಶಿ ಬಿದ್ದಿದೆ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಈ ಮಷೀನು, ಇಷ್ಟನ್ನೇ ತೆಗೆದುಕೊಂಡು ಅಣ್ಣನ ಈ ಮೂರನೇ ಮಹಡಿಯ ಮನೆಗೆ ಬಂದು ಎರಡು ವರ್ಷವಾಯಿತು. ಅಂದಿನಿಂದ ಒಂದು ಸೋಪಿಗೂ ಯಾರ ಮುಂದೆ ಕೈಚಾಚಿದವಳಲ್ಲ. ಆ ಮರ್ಯಾದೆಯನ್ನು ಉಳಿಸಿಕೊಟ್ಟದ್ದು ಈ ಮಷೀನು.

"ಅಣ್ಣಾ, ಏನಿದು?" ಎಂದಳು.

ಅಣ್ಣ ಬಚ್ಚಲಿನಿಂದ ಹೊರಗೆ ಬಂದ. ಅವನ ಹಿಂದೆಯೇ ಒಂದಿಷ್ಟು ಹಬೆಯೂ ಬಂತು. "ನಿನ್ನೆ ಬಂದ ಬಿಲ್ ನೋಡಿದ್ಯಾ? ಮುನ್ನೂರ ಹತ್ತು ಯೂನಿಟ್. ಪಕ್ಕದ ಮನೇಲಿ ಆರು ಜನ ಇದ್ದಾರೆ, ಅವರದ್ದು ಇನ್ನೂರೂ ದಾಟಿಲ್ಲ. ನಮ್ಮನೇಲಿ ಇರೋದು ಮೂರೇ ಜನ. ಉಳಿದ ಕರೆಂಟು ಎಲ್ಲಿ ಹೋಗುತ್ತೆ ಅಂತ ನಾನು ಹೇಳ್ಬೇಕಾ?"

"ಹೇಳು. ನನಗೂ ಗೊತ್ತಾಗ್ಲಿ."

"ದಿನವಿಡೀ ಗರ್ ಅಂತ ಓಡಿಸ್ತೀಯಲ್ಲ, ಅದೇನು ಗಾಳಿ ಕುಡಿದು ಓಡುತ್ತಾ? ನಾಳೆ ಹನ್ನೊಂದು ಗಂಟೆಗೆ ಹಳೇ ಮಷೀನು ಕೊಳ್ಳೋನು ಬರ್ತಾನೆ. ಕೊಟ್ಟುಬಿಡೋಣ. ನಿನಗೆ ಕಾಲಲ್ಲಿ ತುಳಿಯೋದೊಂದು ತಂದುಕೊಡ್ತೀನಿ."

ಹೊಲಿಗೆಯಕ್ಕನ ಬಲ ಮಂಡಿ ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಊದಿಕೊಳ್ಳುತ್ತದೆ. ಅದು ಅಣ್ಣನಿಗೆ ಗೊತ್ತು. ಗೊತ್ತಿದ್ದೂ ಆ ಮಾತು ಆಡಿ, ಊಟದ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊರಟ.

ಅಣ್ಣ ಕೆಟ್ಟವನಲ್ಲ. ಆದರೆ ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಮಷೀನ್ ನಡೆಸುವವನು. ಅಲ್ಲಿ ದೊಡ್ಡ ಯಂತ್ರ ಶುರುವಾದರೆ ನೆಲ ನಡುಗುತ್ತದೆ, ಮಾಲೀಕ ಕರೆಂಟು ಕರೆಂಟು ಎಂದು ಬಡಬಡಿಸುತ್ತಾನೆ. ಅದನ್ನು ಕೇಳಿ ಕೇಳಿ ಇವನ ತಲೆಯಲ್ಲಿ ಒಂದು ಕಾಯಿದೆ ಕೂತುಬಿಟ್ಟಿದೆ: ಸದ್ದು ಮಾಡುವುದೇ ಕರೆಂಟು ತಿನ್ನುವುದು, ಸುಮ್ಮನಿರುವುದು ಪಾಪದ್ದು. ಆರು ತಿಂಗಳ ಹಿಂದೆ ಇದೇ ಕಾಯಿದೆಯ ಪ್ರಕಾರ ಬಟ್ಟೆ ಒಗೆಯುವ ಮಷೀನಿಗೆ ಮುಸುಕು ಹಾಕಿಸಿದ. ಅಂದಿನಿಂದ ಅತ್ತಿಗೆ ಸೊಂಟ ಹಿಡಿದುಕೊಂಡು ಕೈಯಲ್ಲೇ ಒಗೆಯುತ್ತಿದ್ದಾಳೆ. ಬಿಲ್ಲು ಮಾತ್ರ ಇಳಿಯಲಿಲ್ಲ. ಬಿಲ್ಲು ಇಳಿಯದಿದ್ದರೆ ಕಾಯಿದೆಯೇ ತಪ್ಪಿರಬಹುದು ಎಂದು ಒಂದು ಸಲವಾದರೂ ಯೋಚಿಸಬೇಡವೇ? ಇಲ್ಲ. ಮನೆಯಲ್ಲಿ ಇನ್ನೇನು ಸದ್ದು ಮಾಡುತ್ತದೆ ಎಂದು ಕಿವಿಗೊಟ್ಟು ಕೇಳಿದ. ತಂಗಿಯ ಮಷೀನು ಸಿಕ್ಕಿತು.

ಆ ಟೇಪು ಕಿತ್ತು ಹಾಕುವುದು ದೊಡ್ಡ ಕೆಲಸವಾಗಿರಲಿಲ್ಲ. ಉಗುರು ತೂರಿಸಿ ಎಳೆದರೆ ಬರುತ್ತಿತ್ತು. ಆದರೆ ಇನ್ನೊಬ್ಬರ ಮನೆಯಲ್ಲಿ ಇರುವವಳಿಗೆ ಸಣ್ಣ ಕೆಲಸಗಳೇ ಕಷ್ಟ. ಹೊಲಿಗೆಯಕ್ಕ ಅಂಗಿಗಳ ಗುಂಡಿ ಹಾಕುತ್ತ, ಹಲ್ಲು ಕಚ್ಚಿಕೊಂಡು ಮಧ್ಯಾಹ್ನದವರೆಗೆ ಕೂತಳು.

ಮೂರು ಗಂಟೆಗೆ ಮೀಟರಮ್ಮ ಬಂದಳು. ಅವಳ ಕೆಲಸ ಮನೆಮನೆಯ ಮೀಟರು ಓದಿ ಬಿಲ್ಲು ಕೊಡುವುದು. ಬೀದಿಯವರೆಲ್ಲ ಕರೆಯುವುದು ಹಾಗೆಯೇ. ನಿನ್ನೆ ಇದೇ ಕಟ್ಟಡದ ಮೆಟ್ಟಿಲ ಮೇಲೆ ಅವಳ ಹೆಗಲ ಚೀಲದ ಪಟ್ಟಿ ಹರಿದಿತ್ತು, ಹೊಲಿಯಲು ಕೊಟ್ಟು ಹೋಗಿದ್ದಳು.

"ಅಕ್ಕಾ, ನನ್ನ ಚೀಲ ಆಯ್ತಾ?"

"ಆಗಿಲ್ಲಮ್ಮ. ಹೊಲಿಯೋಕೆ ಬಿಟ್ಟಿಲ್ಲ." ಹೊಲಿಗೆಯಕ್ಕ ಸ್ವಿಚ್ಚಿನ ಕಡೆ ಬೆರಳು ತೋರಿಸಿದಳು. ಬೆಳಗ್ಗೆಯಿಂದ ನುಂಗಿಕೊಂಡದ್ದನ್ನೆಲ್ಲ ಹೇಳಿಬಿಟ್ಟಳು.

ಮೀಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. "ಇದನ್ನ ನೋಡಿ ನೋಡಿ ನನಗೆ ಸಾಕಾಗಿದೆ ಅಕ್ಕಾ. ಒಂದು ಮನೇಲಿ ಅಜ್ಜಿ ಫ್ಯಾನು ಹಾಕ್ಕೊಳ್ಳೋ ಹಾಗಿಲ್ಲ. ಇನ್ನೊಂದು ಮನೇಲಿ ಸೊಸೆ ಫೋನು ಚಾರ್ಜ್ ಮಾಡೋ ಹಾಗಿಲ್ಲ. ಬಿಲ್ ಜಾಸ್ತಿ ಬಂದ್ರೆ ಮನೇಲಿ ಯಾರ ಮಾತು ನಡೆಯಲ್ವೋ ಅವರ ತಲೆಗೆ ಕಟ್ಟೋದು. ಯಾರೂ ಸಿಗ್ಲಿಲ್ಲ ಅಂದ್ರೆ ನಾನಿದ್ದೀನಲ್ಲ, ಮೀಟರು ಜೋರಾಗಿ ಓಡಿಸ್ತೀಯಾ ಅಂತ ನನ್ನನ್ನೇ ಬೈತಾರೆ. ಕೆಳಗೆ ಹೋಗಿ ಆ ಮೀಟರು ನೋಡೋರು ಮಾತ್ರ ಒಬ್ಬರೂ ಇಲ್ಲ."

"ನೋಡಿದ್ರೆ ಏನು ಗೊತ್ತಾಗುತ್ತೆ? ಬರೀ ನಂಬರು."

"ನಂಬರು ಬಿಡಿ. ಅದರಲ್ಲಿ ಒಂದು ಸಣ್ಣ ಕೆಂಪು ದೀಪ ಇದೆ, ನೋಡಿಲ್ವಾ? ಅದು ಮಿಣುಕುತ್ತೆ. ಕರೆಂಟು ಕಡಿಮೆ ಹೋದ್ರೆ ನಿಧಾನ, ಜಾಸ್ತಿ ಹೋದ್ರೆ ಬೇಗ ಬೇಗ. ಮನೇಲಿ ಒಂದೊಂದೇ ಸಾಮಾನು ಹಾಕಿ, ಒಂದು ನಿಮಿಷ ಎಣಿಸಿ. ಯಾರು ತಿಂತಾರೆ ಅಂತ ಅದೇ ಹೇಳುತ್ತೆ."

ಅಷ್ಟರಲ್ಲಿ ಅಣ್ಣ ಕೆಲಸದಿಂದ ಬಂದ. ಕೈಯೆಲ್ಲ ಶಾಯಿ. ಮೀಟರಮ್ಮನ ಮಾತು ಕೇಳಿ ನಕ್ಕ.

"ನೀವು ಓದೋದು ನಂಬರು, ಅಷ್ಟೆ. ನಾನು ಮಷೀನುಗಳ ಜೊತೆ ಮೂವತ್ತು ವರ್ಷ ಬಾಳಿದ್ದೀನಿ. ಕಿವೀಲಿ ಕೇಳಿದ್ರೆ ಸಾಕು, ಎಷ್ಟು ತಿನ್ನುತ್ತೆ ಅಂತ ಹೇಳ್ತೀನಿ."

ಮೀಟರಮ್ಮನಿಗೆ ಅದು ನಾಟಿತು. ಎದ್ದು ನಿಂತಳು. "ನಾಳೆ ಭಾನುವಾರ, ನನಗೆ ರಜೆ. ಒಂಬತ್ತು ಗಂಟೆಗೆ ಬರ್ತೀನಿ. ನಿಮ್ಮ ಕಿವಿ ತಗೊಂಡು ಕೆಳಗೆ ಬನ್ನಿ ಯಜಮಾನ್ರೇ. ಹನ್ನೊಂದು ಗಂಟೆವರೆಗೆ ಟೈಮಿದೆ. ಮಷೀನಿನದೇ ತಪ್ಪು ಅಂತಾದ್ರೆ ನಾನೇ ಕೆಳಗೆ ಹೊತ್ತು ತಂದು ಕೊಡ್ತೀನಿ."

"ಆಗ್ಲಿ," ಎಂದ ಅಣ್ಣ, ಗೆದ್ದೇಬಿಟ್ಟವನ ಹಾಗೆ.

ಹೊಲಿಗೆಯಕ್ಕನಿಗೆ ಧೈರ್ಯವೂ ಬಂತು, ಭಯವೂ ಆಯಿತು. ನಾಳೆ ಆ ಕೆಂಪು ದೀಪ ತನ್ನ ವಿರುದ್ಧವೇ ಹೇಳಿಬಿಟ್ಟರೆ? ಆಮೇಲೆ ಈ ಮನೆಯಲ್ಲಿ ತಾನು ಅಡುಗೆಗೆ ಕೈ ಕೊಡುವವಳು, ಬಟ್ಟೆ ಮಡಿಸುವವಳು, ಅಷ್ಟೇ.

ಭಾನುವಾರ ಒಂಬತ್ತಕ್ಕೆ ಸರಿಯಾಗಿ ಮೂವರೂ ಕೆಳಗಿಳಿದರು. ಹೊಲಿಗೆಯಕ್ಕ ಮಂಡಿ ನೋವನ್ನು ಲೆಕ್ಕಕ್ಕಿಡದೆ ಮೂರು ಮಹಡಿಯ ಮೆಟ್ಟಿಲು ಇಳಿದಳು. ಅತ್ತಿಗೆ ಫೋನು ಹಿಡಿದು ಮೇಲೆ ಉಳಿದಳು, ಹೇಳಿದ ಸ್ವಿಚ್ಚು ಹಾಕಲು. ಮೆಟ್ಟಿಲ ಕೆಳಗಿನ ಮೀಟರು ಕೋಣೆಯಲ್ಲಿ ಹಳೆಯ ಸೈಕಲ್ಲೊಂದು, ಬಣ್ಣದ ಖಾಲಿ ಡಬ್ಬಗಳು, ಗೋಡೆಯ ತುಂಬ ಇಪ್ಪತ್ತನಾಲ್ಕು ಮನೆಗಳ ಮೀಟರುಗಳು. ಒಂದೊಂದರ ದೀಪ ಒಂದೊಂದು ವೇಗದಲ್ಲಿ ಮಿಣುಕುತ್ತಿತ್ತು. ಇಷ್ಟು ವರ್ಷ ಇದೇ ಬಾಗಿಲ ಮುಂದೆ ಓಡಾಡಿಯೂ ಅಣ್ಣ ಒಳಗೆ ಕಾಲಿಟ್ಟಿರಲಿಲ್ಲ.

"ಯಾವುದನ್ನೂ ಮುಟ್ಟಬೇಡಿ," ಎಂದಳು ಮೀಟರಮ್ಮ. "ನಮ್ಮ ಕೆಲಸ ನೋಡೋದು ಮಾತ್ರ. ಮೊದಲು ಮೇನ್ ಸ್ವಿಚ್ಚು ಆಫ್ ಮಾಡೋಕೆ ಹೇಳಿ."

ಮೇಲೆ ಅತ್ತಿಗೆ ಆಫ್ ಮಾಡಿದಳು. ಕೆಳಗೆ ಅವರ ಮೀಟರಿನ ದೀಪ ನಿಂತಿತು. ಎರಡು ನಿಮಿಷ ಕಾದರೂ ಮಿಣುಕಲಿಲ್ಲ.

"ಸರಿ. ಮೀಟರು ನಿಮ್ಮದೇ, ನಿಮ್ಮ ಕರೆಂಟು ಬೇರೆಯವರು ಎಳೀತಿಲ್ಲ. ಮೇನ್ ಆಫ್ ಆದ ಮೇಲೂ ದೀಪ ಮಿಣುಕ್ತಿದ್ರೆ ನಮ್ಮ ಆಫೀಸಿಗೆ ದೂರು ಕೊಡಬೇಕು. ಇಲ್ಲಿ ಬರೆದಿದೆ ನೋಡಿ, ಸಾವಿರದ ಆರುನೂರು ಸಲ ಮಿಣುಕಿದ್ರೆ ಒಂದು ಯೂನಿಟ್. ಈ ಲೆಕ್ಕ ಮೀಟರಿಂದ ಮೀಟರಿಗೆ ಬೇರೆ ಇರುತ್ತೆ. ಈಗ ಮೇನ್ ಹಾಕಿ, ಫ್ರಿಜ್ಜೂ ಸೇರಿ ಮಿಕ್ಕಿದ್ದೆಲ್ಲ ಆಫ್ ಇರಲಿ. ಮೊದಲು ಹೊಲಿಗೆ ಮಷೀನು."

"ನನಗೆ ಹೊಲಿಯೋಕೆ ಬರಲ್ಲ," ಫೋನಿನಲ್ಲಿ ಅತ್ತಿಗೆಯ ದನಿ.

"ಹೊಲಿಯೋದು ಬೇಡ ಅತ್ತಿಗೆ, ಆ ಟೇಪು ಕಿತ್ತು ಬಿಸಾಕಿ, ಚಿಂದಿ ಬಟ್ಟೆ ಇಟ್ಟು ಪೆಡಲು ಒತ್ತಿ," ಎಂದಳು ಹೊಲಿಗೆಯಕ್ಕ.

ಫೋನಿನಲ್ಲಿ ಗರ್ ಎಂದು ಕೇಳಿತು. ಅಣ್ಣ, ಈಗ ನೋಡು ಎನ್ನುವಂತೆ ಹುಬ್ಬು ಏರಿಸಿದ. ದೀಪ ಒಂದು ಸಲ ಮಿಣುಕಿತು. ಸುಮ್ಮನಾಯಿತು. ಎಷ್ಟೋ ಹೊತ್ತಿಗೆ ಇನ್ನೊಂದು ಸಲ. ಒಂದು ನಿಮಿಷ ಮುಗಿಯುವಾಗ ಮೂರು.

"ಮೂರು," ಎಂದಳು ಮೀಟರಮ್ಮ.

"ಇನ್ನೊಂದ್ಸಲ ಎಣಿಸಿ," ಎಂದ ಅಣ್ಣ. ಮತ್ತೆ ಎಣಿಸಿದರು. ಮೂರೇ.

ಹೊಲಿಗೆಯಕ್ಕ ಗೋಡೆಗೆ ಒರಗಿಕೊಂಡಳು. ಮೂರು ಮಿಣುಕಿಗೆ ನಿನ್ನೆಯ ಆ ಚುಚ್ಚುಮಾತು. ಮೂರು ಮಿಣುಕಿಗೆ ಮೂರು ಪದರ ಟೇಪು. ಅಳು ಬರಬೇಕಿತ್ತು, ಸಿಟ್ಟು ಬಂತು.

ಆದರೆ ಮೀಟರು ಯಾರ ಪಕ್ಷವೂ ಅಲ್ಲ. ಮುಂದಿನದು ಇಸ್ತ್ರಿ ಪೆಟ್ಟಿಗೆ. ಅಂಗಿಯ ಹೊಲಿಗೆ ಕೂರಿಸಲು ಅವಳು ದಿನವೂ ಬಳಸುವುದು. ದೀಪ ಪಟಪಟನೆ ಮಿಣುಕಿತು, ನಿಮಿಷಕ್ಕೆ ಇಪ್ಪತ್ತೇಳು.

"ಇದನ್ನ ಎಷ್ಟು ಹೊತ್ತು ಹಾಕಿರ್ತೀರಿ ಅಕ್ಕಾ?"

ಹೊಲಿಗೆಯಕ್ಕನ ಮುಖ ಕೆಂಪಾಯಿತು. ಒಂದು ಅಂಗಿ ಮುಗಿದಾಗಲೆಲ್ಲ ಕೈಗೆ ಸಿಗಲಿ ಎಂದು ಮಧ್ಯಾಹ್ನವಿಡೀ ಹಾಕಿಯೇ ಇಟ್ಟಿರುತ್ತಿದ್ದಳು. "ಅದು ನನ್ನ ತಪ್ಪು," ಎಂದಳು. "ಇನ್ನು ಮೇಲೆ ಎಲ್ಲ ಸೇರಿಸಿಟ್ಟು ಒಂದೇ ಸಲ ಹಾಕ್ತೀನಿ."

ಅಣ್ಣನಿಗೆ ಸ್ವಲ್ಪ ಉಸಿರು ಬಂತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಬಟ್ಟೆ ಒಗೆಯುವ ಮಷೀನಿನ ಮುಸುಕು ತೆಗೆಸಿ ನೋಡಿದರು. ಹತ್ತು. ಅದೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡುವಂಥದ್ದು.

ಫೋನಿನಲ್ಲಿ ಅತ್ತಿಗೆ ತಣ್ಣಗೆ ಕೇಳಿದಳು, "ಆರು ತಿಂಗಳು ನನ್ನ ಕೈಯಲ್ಲಿ ಒಗೆಸಿದ್ರಲ್ಲ ರೀ, ಈ ಹತ್ತಕ್ಕಾ?"

"ಫ್ಯಾನು ಹಾಕು," ಎಂದ ಅಣ್ಣ.

ಫ್ಯಾನಿಗೆ ನಿಮಿಷಕ್ಕೆ ಎರಡು ಮಿಣುಕು. ಟಿ.ವಿ. ಆಫ್ ಮಾಡಿ ಅದರ ಜೊತೆಯ ಸೆಟ್‌ಟಾಪ್ ಪೆಟ್ಟಿಗೆಯನ್ನು ಹಾಗೇ ಬಿಟ್ಟರೆ ಮೂರು ನಿಮಿಷಕ್ಕೊಂದು. "ಒಂದೇ ಅಂತ ಸುಮ್ಮನಿರಬೇಡಿ, ಇದು ಹಗಲೂ ರಾತ್ರಿ ತಿಂತಾ ಇರುತ್ತೆ. ಗೋಡೇಲೇ ಆಫ್ ಮಾಡಿ," ಎಂದಳು ಮೀಟರಮ್ಮ. ಫ್ರಿಜ್ಜಿಗೆ ನಾಲ್ಕು. ಅದನ್ನು ಗೋಡೆಗೆ ಒತ್ತಿ ಇಟ್ಟಿದ್ದಾರೆಂದು ಕೇಳಿ, ಹಿಂದೆ ಒಂದು ಗೇಣು ಜಾಗ ಬಿಡಲು ಹೇಳಿದಳು. ಬಿಸಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಹೆಚ್ಚು ಹೊತ್ತು ಓಡಬೇಕಾಗುತ್ತದೆ.

"ಎಲ್ಲ ಸೇರಿಸಿದ್ರೂ ಮುನ್ನೂರ ಹತ್ತು ಆಗಲ್ಲ," ಎಂದಳು ಹೊಲಿಗೆಯಕ್ಕ. "ಇನ್ನೇನು ಉಳೀತು?"

"ಗೀಸರ್," ಎಂದಿತು ಫೋನು.

"ಅದನ್ನ ಬಿಡಿ," ಎಂದ ಅಣ್ಣ. "ಅದು ಬೆಳಗ್ಗೆ ಹಾಕಿದ್ರೆ ಸಂಜೆವರೆಗೂ ತನ್ನ ಪಾಡಿಗೆ ತಾನಿರುತ್ತೆ. ನನಗೆ ಬಂದ ತಕ್ಷಣ ಶಾಯಿ ತೊಳೆಯೋಕೆ ಬಿಸಿನೀರು ಬೇಕು. ನೀರು ಕಾದ ಮೇಲೆ ಅದೇ ನಿಂತುಹೋಗುತ್ತೆ. ಒಂದು ದಿನ ಒಂದು ಸದ್ದು ಮಾಡಿದ್ದು ಕೇಳಿಲ್ಲ ನಾನು."

"ಹಾಕಿಸಿ," ಎಂದಳು ಮೀಟರಮ್ಮ.

ಎಂಟು ಗಂಟೆಗೆ ಸ್ನಾನ ಮುಗಿದು, ನೀರು ಮತ್ತೆ ಪೂರ್ತಿ ಕಾದಿತ್ತು. ಈಗ ಸ್ವಿಚ್ಚು ಹಾಕಿದಾಗ, ಇಷ್ಟು ಹೊತ್ತು ಆಫ್ ಇದ್ದು ಆರಿದ್ದನ್ನು ಕಾಯಿಸಲು ದೀಪ ಸ್ವಲ್ಪ ಹೊತ್ತು ಮಿಣುಕಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ, ಮತ್ತೆ ಮಿಣುಕಲಿಲ್ಲ. ಅಣ್ಣ ಬಣ್ಣದ ಡಬ್ಬದ ಮೇಲೆ ಆರಾಮಾಗಿ ಕೂತ. "ಹೇಳ್ಲಿಲ್ವಾ?" ಎಂದ. ಗಂಟೆ ಹತ್ತೂವರೆಯಾಗಿತ್ತು.

ಇಪ್ಪತ್ತನೇ ನಿಮಿಷಕ್ಕೆ ದೀಪ ಮತ್ತೆ ಶುರುವಾಯಿತು. ಒಂದು, ಎರಡು, ಮೂರು ಎಂದು ಬಾಯಲ್ಲಿ ಹೇಳಲೂ ಬಿಡುವು ಕೊಡಲಿಲ್ಲ. ನಿಮಿಷಕ್ಕೆ ಐವತ್ತಮೂರು. ಮೂರು ನಿಮಿಷ ಹಾಗೇ ಹೊಡೆದುಕೊಂಡು ನಿಂತಿತು.

ಅಣ್ಣ ಎದ್ದು ಬಂದು ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದ. "ಲೇ, ಯಾರಾದ್ರೂ ಬಿಸಿನೀರು ಬಿಟ್ಟಿದ್ದೀರಾ?" ಎಂದು ಫೋನಿಗೆ ಕೇಳಿದ.

"ಮನೇಲಿ ನಾನೊಬ್ಬಳೇ ಇದ್ದೀನಿ ರೀ, ಸ್ವಿಚ್ಚಿನ ಮುಂದೆ ನಿಂತಿದ್ದೀನಿ."

"ಬಿಸಿನೀರಿನ ನಲ್ಲಿ ಏನಾದ್ರೂ ತೊಟ್ಟಿಕ್ಕುತ್ತಾ?" ಎಂದು ಮೀಟರಮ್ಮ ಕೇಳಿದಳು.

"ತೊಟ್ಟಿಕ್ಕುತ್ತೆ, ನಾಲ್ಕೈದು ತಿಂಗಳಿಂದ," ಅತ್ತಿಗೆಯ ದನಿಯಲ್ಲಿ ಹೆಮ್ಮೆಯಿತ್ತು. "ಆದ್ರೆ ಒಂದು ಹನೀನೂ ಹಾಳು ಮಾಡಲ್ಲ ನಾನು. ಕೆಳಗೆ ಬಕೆಟ್ ಇಟ್ಟಿದ್ದೀನಿ. ದಿನಕ್ಕೆ ಎರಡು ಬಕೆಟ್ ತುಂಬುತ್ತೆ, ನೆಲ ಒರೆಸೋಕೆ ಆಗುತ್ತೆ."

ಮೀಟರಮ್ಮ ಹಣೆ ಹಿಡಿದುಕೊಂಡಳು. "ಅಮ್ಮಾ, ನೀರು ಹಾಳಾಗ್ಲಿಲ್ಲ ಸರಿ. ಆ ನೀರು ಕಾಯಿಸಿದ ಕರೆಂಟು? ಎರಡು ಬಕೆಟ್ ಸುಡುನೀರು ಕಾಯಿಸಿ, ಆರೋಕೆ ಬಿಟ್ಟು, ಅದರಲ್ಲಿ ನೆಲ ಒರೆಸ್ತಿದ್ದೀರಿ. ಹನಿ ಹೋದಷ್ಟೂ ತಣ್ಣೀರು ಒಳಗೆ ಬರುತ್ತೆ, ಗೀಸರ್ ಮತ್ತೆ ಕಾಯಿಸುತ್ತೆ. ನಲ್ಲಿ ಸರಿಯಿದ್ರೂ ದಿನವಿಡೀ ಹಾಕಿಟ್ಟ ಗೀಸರ್ ಆರ್ತಾ ಇರುತ್ತೆ, ಕಾಯಿಸ್ತಾ ಇರುತ್ತೆ. ಅದಕ್ಕೆ ಬಾಯಿಲ್ಲ, ಅದಕ್ಕೇ ನಿಮ್ಮ ಯಜಮಾನ್ರಿಗೆ ಕೇಳ್ಸಿಲ್ಲ."

ಫೋನಿನಲ್ಲಿ ಹೆಮ್ಮೆ ಇಳಿದುಹೋಯಿತು. ಅಣ್ಣ ಮಾತ್ರ, ಮತ್ತೆ ಮಿಣುಕುತ್ತದೋ ನೋಡೋಣ ಎಂದು ಹನ್ನೊಂದಾಗುವವರೆಗೆ ಅಲ್ಲೇ ಕಾದ. ಹೊಲಿಗೆಯಕ್ಕನಿಗೆ ಈಗ ತಡೆಯಲಾಗಲಿಲ್ಲ.

"ಅಣ್ಣಾ, ನಿನಗೆ ಬಿಸಿನೀರು ಬೇಕಾದ್ರೆ ಬಂದು ಹದಿನೈದು ನಿಮಿಷ ಕಾಯೋಕಾಗಲ್ಲ. ಅಷ್ಟಕ್ಕೆ ನಾನು ಬದುಕೋ ದಾರೀನೇ ಮಾರ್ಬೇಕಾ? ನಿನ್ನ ಹತ್ರ ನಾನು ಒಂದು ದಿನ ಏನಾದ್ರೂ ಕೇಳಿದ್ದೀನಾ?"

ಅಣ್ಣ ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಒಬ್ಬ ಬಂದು ನಿಂತ. ಹೆಗಲ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ಚೀಟಿ. "ಹಳೇ ಹೊಲಿಗೆ ಮಷೀನು ಕೊಡ್ತೀವಿ ಅಂದಿದ್ರಲ್ಲ, ಯಾವ ಮನೆ?"

ಅದೇ ಹೊತ್ತಿಗೆ ಮೀಟರಿನ ದೀಪ ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಮೇಲೆ ಯಾರೂ ನೀರು ಬಿಟ್ಟಿರಲಿಲ್ಲ. ಅಣ್ಣ ಆ ದೀಪವನ್ನು ನೋಡಿದ, ತಂಗಿಯನ್ನು ನೋಡಿದ. ಬಂದವನ ಕಡೆ ತಿರುಗಿ, "ಕೊಡಲ್ಲಪ್ಪ. ಸುಮ್ಮನೆ ಇಲ್ಲಿವರೆಗೆ ನಡೆಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಅದು ನನ್ನದಲ್ಲ, ನನ್ನ ತಂಗೀದು. ಅವಳನ್ನ ಕೇಳದೇನೇ ಮಾತು ಕೊಟ್ಟುಬಿಟ್ಟಿದ್ದೆ," ಎಂದ.

ಬಂದವನು ಗೊಣಗಿಕೊಂಡು ಹೋದ. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಹೊಲಿಗೆಯಕ್ಕ ಅವನನ್ನು ಅಷ್ಟಕ್ಕೇ ಬಿಡಲಿಲ್ಲ.

"ಅವನಿಗೆ ಹೇಳಿದ್ದಾಯ್ತು. ನನಗೆ ಹೇಳು."

"ತಪ್ಪಾಯ್ತು ಕಣೇ," ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೀಟರಮ್ಮ ಕೂಡ ಮುಖ ಬೇರೆ ಕಡೆ ತಿರುಗಿಸಿದಳು. "ಎಣಿಸಿ ನೋಡದೇ ನಿನ್ನ ಮೇಲೆ ಹಾಕಿದೆ."

ಅಂದು ಮಧ್ಯಾಹ್ನವೇ ನಲ್ಲಿಯವನು ಬಂದು ಹಳೆಯ ವಾಷರ್ ಕಿತ್ತು ಹೊಸದು ಹಾಕಿದ. ಐದು ನಿಮಿಷದ ಕೆಲಸ. ಗೀಸರಿನ ಬಿಸಿ ಹೊಂದಿಸುವ ತಿರುಪು ಪೂರ್ತಿ ಹೆಚ್ಚಿನಲ್ಲಿತ್ತು, ಅದನ್ನು ನಡುವಿಗೆ ತಂದರು. ಸ್ನಾನಕ್ಕೆ ಕಾಲು ಗಂಟೆ ಮೊದಲು ಹಾಕುವುದು, ಬಚ್ಚಲಿಗೆ ಹೋಗುವಾಗ ಆಫ್ ಮಾಡಿಯೇ ಹೋಗುವುದು ಎಂದಾಯಿತು. ಮೊದಲ ವಾರ ಅಣ್ಣ ಎರಡು ಸಲ ಮರೆತ. ಎರಡು ಸಲವೂ ಅತ್ತಿಗೆ ಹೊರಗಿನಿಂದಲೇ ಆಫ್ ಮಾಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕಾದು ನಿಂತಳು. ಮೂರನೇ ಸಲ ಅವನು ಮರೆಯಲಿಲ್ಲ. ನಲವತ್ತು ಅಂಗಿಗಳು ಮಂಗಳವಾರ ಶಾಲೆಗೆ ಹೋದವು. ಮುಂದಿನ ತಿಂಗಳು ಮೀಟರಮ್ಮ ಓದಿದಾಗ ತೊಂಬತ್ತು ಯೂನಿಟ್ಟು ಇಳಿದಿತ್ತು, ಹೊಲಿಗೆ ಮಷೀನು ಮೊದಲಿಗಿಂತ ಹೆಚ್ಚು ಹೊತ್ತು ಓಡಿದ್ದರೂ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಇಂಥದ್ದೇ ಕಟ್ಟಡದಲ್ಲಿ ಇರಬಹುದು. ಬಿಲ್ಲು ಬಂದಾಗ ನೀವೂ ಯಾರನ್ನೋ ಬೈದಿರುತ್ತೀರಿ. ಫ್ಯಾನಿನ ಕೆಳಗೆ ಕೂತ ಮುದುಕರನ್ನು, ದೀಪ ಹಾಕಿಕೊಂಡು ಓದುವ ಮಗಳನ್ನು, ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುವ ಹೆಂಗಸನ್ನು. ಅವರು ಎದುರು ಮಾತಾಡುವುದಿಲ್ಲ ಎಂಬ ಧೈರ್ಯ ನಿಮಗೆ. ಆ ಹೊತ್ತಿಗೆ ಬಚ್ಚಲಿನಲ್ಲಿ ಗೀಸರ್ ಯಾರಿಗೂ ಬೇಡದ ನೀರನ್ನು ಕಾಯಿಸುತ್ತಲೇ ಇರುತ್ತದೆ.

ಇವತ್ತು ಹೋಗಿ ನಿಮ್ಮ ಗೀಸರ್ ಸ್ವಿಚ್ಚು ನೋಡಿ. ಬಿಸಿನೀರಿನ ನಲ್ಲಿಯ ಕೆಳಗೆ ಕೈಯಿಟ್ಟು ನೋಡಿ. ನಾಳೆ ಅರ್ಧ ದಿನ ಬಿಡುವು ಮಾಡಿಕೊಂಡು ಮೀಟರಿನ ಮುಂದೆ ನಿಂತು, ಏನನ್ನೂ ಮುಟ್ಟದೆ, ಒಂದೊಂದೇ ಸಾಮಾನು ಹಾಕಿಸಿ ಆ ಕೆಂಪು ದೀಪ ಎಣಿಸಿ. ಒಬ್ಬರೇ ಹೋಗಬೇಡಿ. ಕರೆಂಟಿಗಾಗಿ ಮನೆಯಲ್ಲಿ ಯಾರನ್ನು ಬೈದಿದ್ದೀರೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಎಣಿಸುವ ಕೆಲಸ ಅವರಿಗೇ ಕೊಡಿ.